ಗಾಳಿಗೆ ಅಡ್ಡ ಇಟ್ಟ ಕೌದಿ

ಮುದುಕ ನೇಕಾರರೊಬ್ಬರ ಮನೆಯಲ್ಲಿ ನನ್ನ ಗಾಡಿ ಬಿಟ್ಟುಹೋಗಿ, ಅರ್ಧ ತಾಸಿಗೆ ಮರಳಿ ಬಂದು ಇನ್ವರ್ಟರ್ ಮುಟ್ಟಿದರೆ ಕೈ ಚುರ್ ಎಂದಿತು. ಅದರ ಫ್ಯಾನಿಗೆ ಅಡ್ಡಲಾಗಿ ಯಾರೋ ಕೌದಿ ಮಡಚಿ ತುರುಕಿದ್ದರು.

ಎಂಬತ್ತರ ದಶಕದ ಕೊನೆಯ ಮಾತು. ಇಳಕಲ್ಲಿನಲ್ಲಿ ಸಂಜೆ ಕರೆಂಟ್ ಹೋದರೆ ನೇಕಾರರ ಮನೆಗಳಿಗೆ ದೀಪಕ್ಕಾಗಿ ಬ್ಯಾಟರಿ, ಇನ್ವರ್ಟರ್ ಹೇರಿದ ನನ್ನ ತಳ್ಳುಗಾಡಿಯನ್ನು ಬಾಡಿಗೆಗೆ ಒಯ್ಯುತ್ತಿದ್ದೆ. ಗಾಡಿಯ ಕುಲುಕಾಟ ತಾಗದಿರಲೆಂದು ಹಳೆಯ ಟೈರಿನ ತುಂಡುಗಳ ಮೇಲೆ ಇನ್ವರ್ಟರ್ ಕೂರಿಸಿ, ಕಾಯದಿರಲೆಂದು ಪುಟ್ಟ ಫ್ಯಾನು ಜೋಡಿಸಿದ್ದೆ.

“ಇದರ ಉಸಿರು ಕಟ್ಟಿಸಿ ಕೊಲ್ತೀರೇನ್ರಿ ಕಾಕಾ?” ಎಂದು ರೇಗಿದೆ.

ಮುದುಕರು ಮಗ್ಗದಿಂದ ತಲೆಯೆತ್ತಲಿಲ್ಲ. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಿದ್ದರು. ಇಬ್ಬರು ಎದುರುಬದುರು ಕೂತು ಮಾಡುವ ಕೆಲಸ ಅದು. ಎದುರಿನ ಮಣೆ ಖಾಲಿಯಿತ್ತು.

“ನಿನ್ನ ಫ್ಯಾನಿನ ಗಾಳಿಗೆ ಎಳಿ ಹಾರ್ತಾವಪಾ. ಆಚಿಕಡೆ ಹಿಡಕೊಂಡು ಕೂಡಾಕ ನಮ್ಮಾಕಿ ಇದ್ದಳು. ತೀರಿಕೊಂಡು ಮೂರು ತಿಂಗಳಾತು.”

ಕೌದಿ ತೆಗೆದು, ಗಾಳಿ ಬಾಗಿಲ ಕಡೆ ಹೋಗುವಂತೆ ಗಾಡಿ ತಿರುಗಿಸಿದೆ. ಅಷ್ಟಕ್ಕೆ ನನ್ನ ಕೆಲಸ ಮುಗಿದಿತ್ತು. ಆದರೂ ಖಾಲಿ ಮಣೆಯ ಮೇಲೆ ಕೂತು ಎಳೆ ಹಿಡಿದೆ. ಕರೆಂಟ್ ಬಂದ ಮೇಲೂ ಅವರು “ಸಾಕು, ಏಳು” ಎನ್ನಲಿಲ್ಲ. ನಾನೂ ಏಳಲಿಲ್ಲ.

ಆ ಗಾಡಿ ಮಾರಿ ಎಷ್ಟೋ ವರ್ಷವಾಯಿತು. ಈಗಲೂ ಯಾರ ಮನೆಯಲ್ಲಿ ಇನ್ವರ್ಟರ್ ಕೂರಿಸಿದರೂ, ಅದರ ಫ್ಯಾನಿನ ಗಾಳಿ ಬರುವ ಕಡೆ ಯಾರು ಕೂಡುತ್ತಾರೆಂದು ಮೊದಲು ಕೇಳುತ್ತೇನೆ. “ಅಲ್ಲಿ ಯಾರೂ ಕೂಡೂದಿಲ್ರಿ” ಎಂದು ಯಾರಾದರೂ ಹಗುರವಾಗಿ ಹೇಳಿದಾಗ, ನನ್ನ ಬೆರಳ ತುದಿಗೆ ಆ ರೇಷ್ಮೆ ಎಳೆ ತಗಲುತ್ತದೆ.