ಸಿಲ್ವರ್ ಕೈಟ್ಸ್ ಬ್ಯಾಂಡಿನ ಹಳೆಯ ಆಂಪ್ಲಿಫೈಯರ್

1998ರಲ್ಲಿ ನಾನು ಕೌಲಾಲಂಪುರದ ಒಂದು ಸಣ್ಣ ಕಂಪನಿಯಲ್ಲಿ ಸೌಂಡ್ ಇಂಜಿನಿಯರ್ ಆಗಿದ್ದೆ. ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಬಂದವಳು. ಸಂಗೀತ ಕಾರ್ಯಕ್ರಮಗಳಿಗೆ ಮೈಕು, ಸ್ಪೀಕರ್ ಒದಗಿಸಿ ಧ್ವನಿ ನೋಡಿಕೊಳ್ಳುವುದು ನಮ್ಮ ಕೆಲಸ. ವೇದಿಕೆಯ ವೈರಿಂಗ್ ಉಡುಪಿಯ ಸುಧಾಕರನದು.

ಆ ವರ್ಷ ಅದೇ ಊರಿನ ಬ್ರಿಕ್‌ಫೀಲ್ಡ್ಸ್ ಬಡಾವಣೆಯ ಹಳೆಯ ಸಭಾಂಗಣವೊಂದರಲ್ಲಿ 'ಸಿಲ್ವರ್ ಕೈಟ್ಸ್' ಎಂಬ ಬ್ಯಾಂಡು ಮತ್ತೆ ಒಂದಾಗಿ ಹಾಡುವುದಿತ್ತು. ಅರವತ್ತರ ದಶಕದಲ್ಲಿ ಅವರ ಒಂದೇ ಒಂದು ಹಾಡು ಕೆಲವು ವಾರ ರೇಡಿಯೊದ ಹಿಟ್ ಪಟ್ಟಿಯ ಮೇಲ್ತುದಿಯಲ್ಲಿತ್ತಂತೆ. ನಂತರದ ರೆಕಾರ್ಡುಗಳು ಅಂಗಡಿಯಲ್ಲೇ ಉಳಿದವು. ಗಾಯಕ ಯೂಸುಫ್ ವಿಮೆ ಕಂಪನಿ ಸೇರಿದರು, ಗಿಟಾರಿಸ್ಟ್ ರೇಮಂಡ್ ಶಾಲಾ ಮೇಷ್ಟ್ರಾದರು.

ಆ ಹಾಡು ಶುರುವಾಗುವುದು ಗಿಟಾರಿನ ನಾಲ್ಕು ಸ್ವರಗಳಿಂದ. ನೀರಿನ ಮೇಲಿನ ಬೆಳಕಿನಂತೆ ನಡುಗುವ ಸ್ವರಗಳು. ನಾಲ್ಕನೆಯದನ್ನು ಮೀಟಿ ರೇಮಂಡ್ ಮೈಕಿಗೆ ತುಟಿ ತಾಗಿಸಿ ಕಲ್ಲಿನಂತೆ ನಿಂತುಬಿಡುತ್ತಿದ್ದರಂತೆ. ಡ್ರಮ್ ಬಡಿದ ಮೇಲೆಯೇ ಅಲುಗುವುದು. ಜನ ಸೀಟಿ ಹೊಡೆಯುತ್ತಿದ್ದುದು ಅದಕ್ಕೇ.

ಸ್ವರಕ್ಕೆ ಆ ನಡುಕ ಹುಟ್ಟಿಸುತ್ತಿದ್ದ ಹಳೆಯ ವಾಲ್ವ್ ಆಂಪ್ಲಿಫೈಯರನ್ನು ರೇಮಂಡ್ ಬೆಡ್‌ಶೀಟಿನಲ್ಲಿ ಸುತ್ತಿ ರಿಹರ್ಸಲ್ಲಿಗೆ ತಂದಿದ್ದರು. ಎರಡೇ ಪಿನ್ನಿನ ಪ್ಲಗ್, ಅರ್ಥ್ ವೈರ್ ಇಲ್ಲ. ಒಳಗೆ ಏನಾದರೂ ಕೆಟ್ಟು ಲೋಹದ ಭಾಗಕ್ಕೆ ಕರೆಂಟು ಹರಿದರೆ ಅದನ್ನು ಭೂಮಿಗೆ ಒಯ್ಯುವುದು ಅರ್ಥ್. ಅದಿಲ್ಲದಿದ್ದರೆ ಕರೆಂಟು ಗಿಟಾರಿನ ತಂತಿಯವರೆಗೂ ಬಂದು ಕಾದಿರುತ್ತದೆ. ಮೈಕಿನ ಲೋಹ ಧ್ವನಿ ಬೆರೆಸುವ ನಮ್ಮ ಮಿಕ್ಸರಿನ ಮೂಲಕ ಭೂಮಿಗೆ ಸೇರಿರುವುದರಿಂದ, ತಂತಿ ಹಿಡಿದವನು ಮೈಕು ಮುಟ್ಟಿದರೆ ಅವನೇ ದಾರಿಯಾಗುತ್ತಾನೆ.

ಸುಧಾಕರ ಪೆಟ್ಟಿಗೆಯ ಬೆನ್ನಿಗೆ ಅರ್ಥ್ ಕ್ಲಿಪ್ ಹಾಕಿ ನಮ್ಮ ಬೋರ್ಡಿನಿಂದ ಆನ್ ಮಾಡಿದ. ಕರೆಂಟು ಸೋರಿದರೆ ತಾನಾಗಿ ಬೀಳುವ ಇ.ಎಲ್.ಸಿ.ಬಿ. ಸ್ವಿಚ್ ಟಪ್ಪೆಂದು ಬಿತ್ತು. ಮತ್ತೆ ಹಾಕಿದ, ಮತ್ತೆ ಬಿತ್ತು.

"ಎಂತ ಮಾರಾಯ್ತಿ, ಇದು ಆಂಪ್ಲಿಫೈಯರಾ, ಯಮನ ಡಬ್ಬವಾ?" ಎಂದ.

ನಾನು ರೇಮಂಡ್‌ಗೆ ಎಲ್ಲವನ್ನೂ ವಿವರಿಸಿ, ಇದು ಬೇಡ ಎಂದೆ.

"ಈ ಪೆಟ್ಟಿಗೆ ನಿನಗಿಂತ ಹಿರಿಯದು ಲಾ. ಸ್ವಲ್ಪ ಮರ್ಯಾದೆ ಕೊಡು," ಎಂದರು, ಮಾತಿನ ಕೊನೆಗೆ ಅಲ್ಲಿಯವರು ಸೇರಿಸುವ 'ಲಾ' ಸೇರಿಸಿ.

"ಹಿರಿಯರಿಗೇ ಅಲ್ವಾ ಅಂಕಲ್, ಡಾಕ್ಟರು ಜಾಸ್ತಿ ಬೇಕಾಗೋದು."

ಅವರು ನಕ್ಕರು. "ಆ ನಡುಕ ಇಲ್ಲದಿದ್ದರೆ ಜನ, ಯಾರೋ ನಮ್ಮ ನಕಲು ಮಾಡ್ತಿದಾರೆ ಅಂದುಕೊಳ್ತಾರೆ," ಎಂದರು. ಅದೇ ನಡುಕ ಬರುವ ನಮ್ಮದೊಂದು ಆಂಪ್ಲಿಫೈಯರ್ ಕೊಡುತ್ತೇನೆಂದು ಹೇಳಿ ನಾನು ಸಭಾಂಗಣದ ಹಿಂದೆ ನಿಲ್ಲಿಸಿದ್ದ ನಮ್ಮ ವ್ಯಾನಿಗೆ ಹೋದೆ.

ಮಲೇಷ್ಯಾದ ಮೂರು ತೂತಿನ ಸಾಕೆಟ್ಟಿಗೆ ಒಳಗೊಂದು ಮುಚ್ಚಳವಿರುತ್ತದೆ. ಮೇಲಿನ ಅರ್ಥ್ ತೂತಿಗೆ ಉದ್ದ ಪಿನ್ ಹೋದರಷ್ಟೇ ಕೆಳಗಿನೆರಡು ತೆರೆಯುತ್ತವೆ. ಅಲ್ಲಿ ಎಷ್ಟೋ ಮನೆಗಳಲ್ಲಿ ಮೇಲಿನ ತೂತಿಗೆ ಪೆನ್ನೋ ಚಾಪ್‌ಸ್ಟಿಕ್ಕೋ ಚುಚ್ಚಿ ಎರಡು ಪಿನ್ನಿನ ಪ್ಲಗ್ ತುರುಕುತ್ತಾರೆ. ಯಾರಿಗೂ ಅದು ತಪ್ಪೆನಿಸುವುದೇ ಇಲ್ಲ. ನಾನು ವ್ಯಾನಿನಲ್ಲಿ, ಸುಧಾಕರ ದೂರದ ಸ್ಪೀಕರಿನ ಬಳಿ ಇದ್ದಾಗ ರೇಮಂಡ್ ಮಾಡಿದ್ದೂ ಅದನ್ನೇ. ಕ್ಲಿಪ್ ಕಿತ್ತು, ಚಹಾ ಇಟ್ಟಿದ್ದ ಮೂಲೆಯ ಗೋಡೆಯ ಸಾಕೆಟ್ಟಿಗೆ ಪೆನ್ನು ಚುಚ್ಚಿ ಪ್ಲಗ್ ಹಾಕಿದ್ದರು. ಆ ಹಳೆಯ ಲೈನಿಗೆ ಇ.ಎಲ್.ಸಿ.ಬಿ. ಇರಲಿಲ್ಲ.

ನಮ್ಮ ಆಂಪ್ಲಿಫೈಯರ್ ಹೊತ್ತು ನಾನು ಒಳಬರುವಾಗ ಆ ನಾಲ್ಕು ಸ್ವರ ಕೇಳಿಸಿದವು. ಎಷ್ಟು ಚೆನ್ನಾಗಿದೆ ಎಂದುಕೊಂಡೆ. ಮರುಕ್ಷಣ ಹೊಳೆಯಿತು, ಅದು ಆ ಹಳೆಯ ಪೆಟ್ಟಿಗೆಯದೇ ನಡುಕ. ಇದಕ್ಕೆ ಕರೆಂಟು ಎಲ್ಲಿಂದ ಬರುತ್ತಿದೆ?

ರೇಮಂಡ್ ಮೈಕಿಗೆ ಬಾಗಿ ತುಟಿ ತಾಗಿಸಿ ಕಲ್ಲಾದರು.

"ನೋಡ್ರಪ್ಪಾ, ಮುದುಕ ಏನೂ ಮರೆತಿಲ್ಲ," ಎಂದು ಯೂಸುಫ್ ನಕ್ಕರು. ಡ್ರಮ್ಮಿನವರು ಬಡಿದರು. ರೇಮಂಡ್ ಅಲುಗಲಿಲ್ಲ. ಕುರ್ಚಿ ಜೋಡಿಸುತ್ತಿದ್ದ ಕೆಲವರು ಚಪ್ಪಾಳೆ ತಟ್ಟಿದರು. ರೇಮಂಡರ ಎಡಗೈ ಗಿಟಾರನ್ನು ಹಿಂಡುತ್ತಿತ್ತು, ಕತ್ತಿನ ನರ ಉಬ್ಬಿತ್ತು, ತೆರೆದ ಕಣ್ಣು ನನ್ನ ಕಡೆಗಿತ್ತು. ಸ್ಪೀಕರಿನಲ್ಲಿ ಒಂದೇ ಸಮನೆ ಗುಂಯ್ ಸದ್ದು.

ಪೆಟ್ಟಿಗೆಯ ವೈರು ಚಹಾದ ಮೂಲೆಗೆ ಹೋಗಿದ್ದು ಕಂಡಿತು. ಗಾಬರಿಯಲ್ಲಿ ಬಾಯಿಗೆ ಕನ್ನಡವೇ ಬಂತು. "ಸುಧಾಕರ, ಚಹಾ ಮೂಲೆ. ಗೋಡೆ ಸ್ವಿಚ್ ಆಫ್ ಮಾಡು."

ಏನೋ ಎಡವಟ್ಟಾಗಿದೆಯೆಂದು ಈಗ ಯೂಸುಫ್‌ಗೂ ತಿಳಿದು, ಗೆಳೆಯನನ್ನು ಎಳೆಯಲು ಕೈಚಾಚಿದರು. ಮುಟ್ಟಿದ್ದರೆ ಅವರೂ ಅಂಟಿಕೊಳ್ಳುತ್ತಿದ್ದರು. ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಭುಜದಿಂದ ಅವರನ್ನು ಗುದ್ದಿ ಕೆಡವಿದೆ. ಕುರ್ಚಿಗಳನ್ನು ಹಾರಿಕೊಂಡು ಹೋದ ಸುಧಾಕರ ಸ್ವಿಚ್ ಒತ್ತಿದ. ಗುಂಯ್ ಸದ್ದು ನಿಂತಿತು. ರೇಮಂಡ್ ಗಿಟಾರ್ ಸಮೇತ ಕುಸಿದರು.

ಅವರ ಮೂಗಿನ ಬಳಿ ನನ್ನ ಕೆನ್ನೆ ಹಿಡಿದು ಕಾದೆ. ಬಿಸಿಯುಸಿರು ತಾಗಿತು. ತುಟಿ ಸುಟ್ಟಿತ್ತು, ಬೆರಳುಗಳ ಮೇಲೆ ತಂತಿಯ ಗೆರೆಗಳು ಮೂಡಿದ್ದವು.

ಮರುದಿನ ಆಸ್ಪತ್ರೆಗೆ ಹೋದಾಗ ಅವರ ಎದೆಗೆ ಇನ್ನೂ ಮಾನಿಟರಿನ ವೈರುಗಳಿದ್ದವು.

"ನಾಲ್ಕು ಸ್ವರ ಹೇಗಿದ್ದವು?" ಎಂದರು.

"ಚೆನ್ನಾಗಿದ್ದವು ಅಂಕಲ್."

"ಹಾಗಾದರೆ ಪೆಟ್ಟಿಗೆ ನೀನೇ ಇಟ್ಕೋ ಲಾ. ಅದು ಮನೆಗೆ ಬಂದರೆ ನೀವು ಬರಬೇಡಿ ಅಂದಿದಾಳೆ ನನ್ನ ಹೆಂಡತಿ."

ಬಿದ್ದ ಸ್ವಿಚ್ ಇಂಜಿನಿಯರಿಗೆ ಎಚ್ಚರಿಕೆ. ಹಾಡಲು ಕಾದಿರುವವರಿಗೆ ಅದು ಬರೀ ಅಡ್ಡಿ, ಅವರು ಇನ್ನೊಂದು ಸಾಕೆಟ್ ಹುಡುಕುತ್ತಾರೆ. ಅಂದಿನಿಂದ, ಬೇಡವೆಂದ ಸಾಮಾನನ್ನು ಮೊದಲು ಬಾಗಿಲಾಚೆ ಸಾಗಿಸಿ, ಆಮೇಲೆ ಕಾರಣ ಹೇಳುವುದು ನನ್ನ ಪದ್ಧತಿ. ಇವತ್ತಿಗೂ ಯಾರಾದರೂ ಗಿಟಾರ್ ಹಿಡಿದು ಮೈಕಿನತ್ತ ಬಾಗಿದರೆ ಹಾಡು ನನ್ನ ಕಿವಿಗೆ ಬೀಳುವುದಿಲ್ಲ. ಅವರ ಬೆರಳು ಮುಂದಿನ ಸ್ವರಕ್ಕೆ ಸರಿಯುವುದನ್ನೇ ನೋಡುತ್ತಿರುತ್ತೇನೆ. ಸರಿದ ಮೇಲೆ ಉಸಿರಾಡುತ್ತೇನೆ.