ಸತ್ತ ರಾಣಿ ಎದ್ದು ಹಾಡಿದಾಗ

1958ರ ಬೇಸಿಗೆ. ನನಗಾಗ ಹತ್ತೊಂಬತ್ತು ವರ್ಷ. ಅಕ್ಕ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವಳ ಮಕ್ಕಳನ್ನು ನೋಡಿಕೊಳ್ಳಲೆಂದು ಹೊಳೆನರಸೀಪುರದಿಂದ ಬಂದು ದಂಡಿಗನಹಳ್ಳಿಯ ಭಾವನ ಮನೆಯಲ್ಲಿದ್ದೆ. ಶಿವಣ್ಣನಿಗೆ ಎಂಟು, ಲಕ್ಷ್ಮಿಗೆ ಐದು. ಎರಡೂ ಮಕ್ಕಳು ಆಟವಿಲ್ಲ, ಜಗಳವಿಲ್ಲ, ಕೂತಲ್ಲೇ ಕೂತಿರುತ್ತಿದ್ದವು. ಅಕ್ಕನ ಹೆಸರೆತ್ತಿದರೆ ಸಾಕು, ಮನೆಯ ದೊಡ್ಡವರೆಲ್ಲ ಮಾತು ತಿರುಗಿಸುತ್ತಿದ್ದರು.

ಆಗ ಚನ್ನರಾಯಪಟ್ಟಣದಲ್ಲಿ ನಾಟಕದ ಕಂಪನಿಯೊಂದು ಬೀಡುಬಿಟ್ಟಿತ್ತು. ಭಾನುವಾರ ಮಧ್ಯಾಹ್ನ ಮಕ್ಕಳಿಗೆ, ಸಂಸಾರಸ್ಥರಿಗೆಂದೇ ಸಂಗೀತ ನಾಟಕ ಅಂತ ಗಾಡಿಯಲ್ಲಿ ತಮಟೆ ಬಡಿದು ಸಾರಿಹೋದರು. ಮಾತಿಗಿಂತ ಹಾಡೇ ಹೆಚ್ಚಂತೆ, ರಾಕ್ಷಸ, ಗಿಣಿ ಎಲ್ಲ ಇದೆಯಂತೆ. ಮಕ್ಕಳನ್ನು ಒಂದು ಸಲ ನಗಿಸಿಯೇ ತೀರುತ್ತೇನೆ ಅಂದುಕೊಂಡೆ.

ಭಾವನ ತಾಯಿ ಸುತರಾಂ ಒಪ್ಪಲಿಲ್ಲ. ಸಾವಾದ ಮನೆಯವರು ವರ್ಷ ತುಂಬುವ ತನಕ ನಾಟಕಗೀಟಕ ಅಂತ ಹೋಗಬಾರದು, ಊರವರು ಉಗಿಯುತ್ತಾರೆ ಎಂದರು. ನನಗೂ ಸಿಟ್ಟು ಬಂತು.

"ಉಗುದ್ರೆ ನನಗೆ ಉಗೀಲಿ ಬುಡಿ ಅತ್ತೆ. ಐದು ವರ್ಸದ ಮಗಾ ಏನ್ ಪಾಪ ಮಾಡೈತೆ?" ಎಂದವಳೇ ಲಕ್ಷ್ಮಿಯ ತಲೆ ಬಾಚಿ, ಹುರಿಗಡಲೆ ಬೆಲ್ಲ ಗಂಟು ಕಟ್ಟಿಕೊಂಡು, ಇಬ್ಬರನ್ನೂ ಬಸ್ಸು ಹತ್ತಿಸಿದೆ.

ತಗಡಿನ ಥಿಯೇಟರು, ಒಳಗೆ ಬೆವರಿನ ಸ್ನಾನ. ಹೆಂಗಸರ ಕಡೆ ಚಾಪೆಯ ಮೇಲೆ ಕೂತೆವು. ರಾಕ್ಷಸನ ಮೀಸೆ ಒಂದು ಕಡೆ ಜೋತುಬಿದ್ದಾಗ ಶಿವಣ್ಣ ಕಿಸಕ್ಕನೆ ನಕ್ಕ. ಗೆದ್ದೆ ಅಂದುಕೊಂಡೆ. ಆದರೆ ಎರಡನೇ ಅಂಕದಲ್ಲಿ, ಮಗಳನ್ನು ಕಳೆದುಕೊಂಡ ರಾಣಿ ಹಾಡುತ್ತ ಹಾಡುತ್ತಲೇ ಸತ್ತುಬಿದ್ದಳು. ಅದು ನನಗೆಲ್ಲಿ ಗೊತ್ತಿತ್ತು!

ಲಕ್ಷ್ಮಿ ಕಿಟಾರನೆ ಕಿರುಚಿಕೊಂಡಳು. ಅಕ್ಕಪಕ್ಕದವರು ಗೊಣಗಿದರು. ಗೇಟಿನವನು ಬಂದು ಮಗುವನ್ನು ಹೊರಗೆ ಕರೆದುಕೊಂಡು ಹೋಗು ಎಂದ. ಆ ಸಾವನ್ನಷ್ಟೇ ಕಣ್ಣಲ್ಲಿಟ್ಟುಕೊಂಡು ಮಗು ಮನೆಗೆ ಹೋಗುವುದು ನನಗೆ ಬೇಡವಾಗಿತ್ತು. ಮಕ್ಕಳ ನಾಟಕ ಅಂತ ಸಾರಿದವರು ನೀವೇ, ನಾನು ಏಳುವುದಿಲ್ಲ ಎಂದು ಹಟ ಹಿಡಿದೆ.

ಅಷ್ಟರಲ್ಲಿ ಗಂಡಸರ ಕಡೆಯಿಂದ "ಒನ್ಸ್ ಮೋರ್" ಕೂಗು ಎದ್ದಿತು. ಆಗಿನ ರೂಢಿಯೇ ಹಾಗೆ. ಹಾಡು ಮೆಚ್ಚಿಕೊಂಡು ಜನ ಕೂಗಿದರೆ ಸತ್ತ ಪಾತ್ರವಾದರೂ ಎದ್ದು ಹಾಡಬೇಕು. ರಾಣಿ ಎದ್ದು ಕೂತಳು, ಸೆರಗು ಸರಿಮಾಡಿಕೊಂಡಳು, ಹಾರ್ಮೋನಿಯಂ ಮಾಸ್ತರಿಗೆ ಸನ್ನೆ ಮಾಡಿ ಅದೇ ಹಾಡು ಹಾಡಿ ಮತ್ತೆ ಸತ್ತಳು. ಲಕ್ಷ್ಮಿಯ ಅಳು ನಿಂತೇಹೋಯಿತು. ಕೊನೆಯವರೆಗೂ ಕಣ್ಣು ಮಿಟುಕಿಸದೆ ನೋಡಿದಳು.

ನಾಟಕ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ನನ್ನ ಸೆರಗು ಜಗ್ಗಿದಳು. "ಚಿಕ್ಕವ್ವ, ಅವ್ವ ಸತ್ತಾಗ ಯಾರೂ ಒನ್ಸ್ ಮೋರ್ ಅನ್ನಲಿಲ್ವಾ?"

ನಾನೂ ಮಾತು ತಿರುಗಿಸಬಹುದಿತ್ತು. ಬೇಡ, ಹೇಳಿಯೇಬಿಡೋಣ ಎಂದು ಅವಳನ್ನು ಎತ್ತಿಕೊಂಡೆ.

"ಅದು ನಾಟಕ ಕಣವ್ವ. ಆಯಮ್ಮ ಸತ್ತಂಗೆ ಮಾಡಿದ್ಲು ಅಷ್ಟೇಯ. ನಿಮ್ಮವ್ವ ದಿಟವಾಗ್ಲೂ ಸತ್ತೋದ್ಲು. ಎಷ್ಟ್ ಕೂಗಿದ್ರೂ ಬರಾಕಿಲ್ಲ."

ಮೊದಲು ಅತ್ತವನು ಶಿವಣ್ಣ. ಆಮೇಲೆ ಬಸ್ ಸ್ಟ್ಯಾಂಡಿನ ಜನವೆಲ್ಲ ನೋಡುವಂತೆ ಮೂವರೂ ಗೊಳೋ ಎಂದು ಅತ್ತುಬಿಟ್ಟೆವು.

ಅತ್ತೆ ಎಂಟು ದಿನ ನನ್ನ ಜೊತೆ ಮಾತು ಬಿಟ್ಟರು. ಆದರೆ ಮಾರನೆಯ ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದಾಗ ಲಕ್ಷ್ಮಿ ಪಕ್ಕದಲ್ಲಿ ಬಂದು ಕೂತು, "ಅವ್ವ ಇಂಗೆ ದಪ್ಪಕೆ ತಟ್ತಿರಲಿಲ್ಲ" ಎಂದು ನನ್ನನ್ನು ಬೈದಳು. ಅಷ್ಟು ಸಂತೋಷ ಕೊಟ್ಟ ಬೈಗುಳವನ್ನು ನಾನು ಮತ್ತೆ ಯಾರ ಬಾಯಿಂದಲೂ ಕೇಳಿಲ್ಲ.