ವಧೂವರ ಕೇಂದ್ರಕ್ಕೆ ಅರವತ್ತನಾಲ್ಕು ಬಿಟ್ ತಂದ ಭಾನುವಾರ

ವಿಜಯನಗರದ ನಮ್ಮ ವಧೂವರ ಕೇಂದ್ರಕ್ಕೆ ಸಾಫ್ಟ್‌ವೇರ್ ಬರೆದುಕೊಟ್ಟವಳು ನಾನೇ. ಸಂಬಳವಿಲ್ಲದ ಕೆಲಸ, ಆದರೆ ಜಂಬಕ್ಕೇನೂ ಕಮ್ಮಿಯಿರಲಿಲ್ಲ. ಕೇಂದ್ರ ನಡೆಸುತ್ತಿದ್ದವರು ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದ ಮಿಸ್. ರಿಟೈರ್ ಆದ ಮೇಲೆ ಕಂಡವರ ಮಕ್ಕಳ ಜಾತಕ ಹೊಂದಿಸುವುದೇ ಅವರ ಕೆಲಸ. ವರ್ಷಾನುಗಟ್ಟಲೆ ನೋಟ್‌ಬುಕ್ಕಿನಲ್ಲೇ ಮಾಡಿದ್ದರು. ನನ್ನ ಕಾಟ ತಾಳಲಾರದೆ ಕಂಪ್ಯೂಟರಿಗೆ ಒಪ್ಪಿದ್ದರು. "ಕೈ ಕೊಡ್ತೋ, ಅವತ್ತೇ ವಾಪಸ್ ನನ್ ಬುಕ್ಕಿಗೆ, ತಿಳೀತಾ?" ಎಂಬ ಕರಾರಿನ ಮೇಲೆ.

ಎರಡು ವರ್ಷ ಅದು ಕೈ ಕೊಡಲಿಲ್ಲ. ನಾನು ಸುಮ್ಮನಿರಬೇಕಿತ್ತು. ಕೇಂದ್ರದ ಹಳೇ ಕಂಪ್ಯೂಟರಿನ ಪ್ರೊಸೆಸರ್ ಅರವತ್ತನಾಲ್ಕು ಬಿಟ್‌ನದು, ನನ್ನ ಪ್ರೋಗ್ರಾಂ ಮಾತ್ರ ಇನ್ನೂ ಮೂವತ್ತೆರಡರಲ್ಲೇ ಇತ್ತು, ಅಂದರೆ ಅದು ಒಂದೇ ಏಟಿಗೆ ನುಂಗಬಲ್ಲ ಲೆಕ್ಕದಲ್ಲಿ ಅರ್ಧವನ್ನಷ್ಟೇ ಕೊಡುತ್ತಿತ್ತು. ಇದೇ ನನಗೊಂದು ಅವಮಾನ! ಶನಿವಾರ ಕೂತು ಬದಲಾಯಿಸಿದೆ. ನಾಲ್ಕು ಜಾತಕ ಹಾಕಿ ನೋಡಿದೆ, ಗ್ರಹಗಳ ಲೆಕ್ಕ ಮೊದಲಿಗಿಂತ ಬೇಗ ಮುಗಿಯಿತು. ಇಡೀ ಪಟ್ಟಿ ಹಾಕಿ ನೋಡುವ ಬುದ್ಧಿ ಎಲ್ಲಿ ಹೋಗಿತ್ತೋ. ಹಳೆಯದನ್ನು ಅಳಿಸಿ, "ನಾಳೆ ನೋಡಿ ಮಿಸ್, ಡಬಲ್ ಸ್ಪೀಡು" ಎಂದು ಫೋನಿನಲ್ಲಿ ಕೊಚ್ಚಿಕೊಂಡೆ.

ಮಾರನೆಯ ದಿನ ವಧೂವರರ ಸಮಾವೇಶ. ನಾಗರಬಾವಿ, ನಂದಿನಿ ಲೇಔಟಿನಿಂದೆಲ್ಲ ಮನೆಮಂದಿ ಬಂದು, ನಮ್ಮ ಕೇಂದ್ರವಿರುವ ಸಮುದಾಯ ಭವನ ಗಿಜಿಗುಡುತ್ತಿತ್ತು. ಮೊದಲ ಹುಡುಗಿಯ ತಾಯಿ ನಂಬರ್ ಹೇಳಿದರು. ಒತ್ತಿದೆ. ತಕ್ಷಣ ಬರುತ್ತಿದ್ದ ವರಗಳ ಪಟ್ಟಿ ಬರಲೇ ಇಲ್ಲ. ಒಳಗೆ ಡಿಸ್ಕು ಕರಕರ ಅನ್ನುತ್ತಲೇ ಇತ್ತು.

"ಏನಮ್ಮಾ, ಹ್ಯಾಂಗ್ ಆಯ್ತಾ?" ಎಂದರು ಹಿಂದಿದ್ದವರೊಬ್ಬರು.

"ಒಂದ್ನಿಮ್ಷ ಅಂಕಲ್" ಎಂದೆ. ಆ ಒಂದು ನಿಮಿಷ ಐದಾಯಿತು. ಮಿಸ್ ಬಂದು ಕನ್ನಡಕದ ಮೇಲಿಂದ ನೋಡಿ, ಬೀರುವಿನಿಂದ, ಇನ್ನೂ ಬಿಡದೆ ಬರೆಯುತ್ತಿದ್ದ ತಮ್ಮ ನೋಟ್‌ಬುಕ್ ತೆಗೆದರು. ಕ್ಯೂ ನನ್ನ ಮೇಜು ಬಿಟ್ಟು ಅವರ ಮೇಜಿಗೆ ತಿರುಗಿತು. ಎರಡು ವರ್ಷದ ಕೆಲಸ ನೀರುಪಾಲು. ನನಗೆ ಅಳುವೇ ಬಂತು.

ಮಧ್ಯಾಹ್ನ ಜನ ಖಾಲಿಯಾದ ಮೇಲೆ ಸಮಜಾಯಿಷಿ ಶುರು ಮಾಡಿದೆ. "ಒಬ್ಬೊಬ್ಬ ಹುಡುಗಿ ಮುಂದೆ ಎಲ್ಲಾ ಹುಡುಗರ ವಿಳಾಸ ಸಾಲಾಗಿ ಇಟ್ಟಿದೀನಿ ಮಿಸ್. ಮನೆ ವಿಳಾಸ ಅಲ್ಲ, ಮೆಮೊರಿಲಿ ಅವರ ವಿವರ ಎಲ್ಲಿದೆ ಅನ್ನೋ ವಿಳಾಸ. ಮೊದಲು ಒಂದೊಂದಕ್ಕೆ ನಾಲ್ಕು ಬೈಟ್ ಜಾಗ ಸಾಕಾಗ್ತಿತ್ತು, ಅರವತ್ನಾಲ್ಕು ಬಿಟ್ ಆದ್ಮೇಲೆ ಎಂಟು ಬೇಕು. ಲೆಕ್ಕ ಬೇಗ ಆಗುತ್ತೆ, ಆದ್ರೆ ವಿಳಾಸಗಳೇ ಮೆಮೊರಿ ತುಂಬ್ಕೊಂಡು, ಮಿಕ್ಕಿದ್ದಕ್ಕೆಲ್ಲ ಆ ನಿಧಾನದ ಡಿಸ್ಕಿಗೆ ಓಡ್ಬೇಕು."

"ಒಬ್ಬ ಹುಡುಗನ ವಿಳಾಸ ಅಷ್ಟೊಂದು ಕಡೆ ಯಾಕೇ ಬರೀತೀಯ? ಅವನೇನು ರಾಜಕುಮಾರನಾ?" ಎಂದು ಮಿಸ್ ನೋಟ್‌ಬುಕ್ ನನ್ನತ್ತ ತಳ್ಳಿದರು. ಹುಡುಗಿಯರ ಒಂದೊಂದು ಪುಟದಲ್ಲೂ ಬರೀ ನಂಬರುಗಳು. ವರ ಹನ್ನೆರಡು, ವರ ನಲವತ್ತು. ವಿವರ ಬೇಕೆಂದರೆ ಇನ್ನೊಂದು ಪುಸ್ತಕದಲ್ಲಿ ಆ ನಂಬರಿನ ಪುಟ ತೆಗೆದರಾಯಿತು.

ಅಯ್ಯೋ ನನ್ನ ಬುದ್ಧಿಗಿಷ್ಟು! ನಮ್ಮಲ್ಲಿದ್ದಷ್ಟು ನಂಬರುಗಳಿಗೆ ಎಂಟಲ್ಲ, ಎರಡೇ ಬೈಟ್ ಸಾಕು. ಪ್ರತಿ ಸಲ ನಂಬರಿನಿಂದ ವಿವರ ಹುಡುಕುವ ಒಂದು ಹೆಜ್ಜೆ ಹೆಚ್ಚಾಗುತ್ತದೆ, ಆದರೆ ಡಿಸ್ಕಿಗೆ ಓಡುವುದು ತಪ್ಪುತ್ತದೆ. "ಇನ್ನೊಂದೇ ಒಂದು ಭಾನುವಾರ ಕೊಡಿ ಮಿಸ್" ಎಂದು ಗೋಗರೆದೆ. ವಾರವಿಡೀ ಕೂತು ತಿದ್ದಿ, ಈ ಸಲ ಇಡೀ ಪಟ್ಟಿ ಹಾಕಿ ಹತ್ತು ಬಾರಿ ನೋಡಿದೆ.

ಭಾನುವಾರ ಒತ್ತುವುದೇ ತಡ, ಪಟ್ಟಿ ಪಟ್ಟನೆ ಬಂತು. ಹೋದ ವಾರದ ಅಂಕಲ್ಲೇ ಚಪ್ಪಾಳೆ ತಟ್ಟಿದರು. ನಾನು ಎದ್ದು ಎರಡು ಮಾತಾಡೋಣ ಎನ್ನುವಷ್ಟರಲ್ಲಿ ಮಿಸ್ ಮೈಕ್ ಹಿಡಿದಿದ್ದರು.

"ಹೋದ ವಾರ ಕಂಪ್ಯೂಟರ್ ಕೆಟ್ಟಿರ್ಲಿಲ್ಲ. ಹೇಗ್ ಬರೀಬೇಕು ಅಂತ ಈ ಹುಡುಗಿಗೆ ನಾನಿನ್ನೂ ಹೇಳ್ಕೊಟ್ಟಿರ್ಲಿಲ್ಲ, ಅಷ್ಟೇ."

ಇಡೀ ಹಾಲ್ ಗೊಳ್ಳೆಂದಿತು. ನನಗೆ ಮೈಯೆಲ್ಲ ಉರಿಯಿತು. ಆದರೆ ಅದು ಸುಳ್ಳೇನೂ ಆಗಿರಲಿಲ್ಲ.